ಕಲ್ಲುಪೆಟ್ಟಿಗೆಯವನ ವಯಸ್ಸು

ನಮ್ಮ ಮಾವನವರ ಲೆಕ್ಕದಲ್ಲಿ ಈ ಭೂಮಿಗೆ ಆರು ಸಾವಿರ ವರ್ಷ. ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಲೆಕ್ಕದಲ್ಲಿ ನಾನೂರೈವತ್ತು ಕೋಟಿ. ಎರಡು ಲೆಕ್ಕವೂ ಶಿರಾದ ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಮುದ್ದೆ ಉಂಡುಕೊಂಡು ಹದಿನೆಂಟು ವರ್ಷ ಬದುಕಿವೆ. ನನ್ನ ಗಂಡನಿಗೆ ಎರಡೂ ಬೇಡ. ನಾವು ಶುರು ಮಾಡಿದರೆ ಅವರು ಪೇಪರ್ ಎತ್ತಿಕೊಂಡು ಮಹಡಿಗೆ ಹೋಗಿಬಿಡುತ್ತಾರೆ.

ಮಾವನವರು ಸರ್ವೆ ಇಲಾಖೆಯಲ್ಲಿದ್ದವರು. ಚೈನು ಎಳೆದು ಎಳೆದು ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳ ಅರ್ಧ ಹೊಲಗಳನ್ನು ಕಾಲಲ್ಲೇ ತುಳಿದಿದ್ದಾರೆ. ನಿವೃತ್ತರಾದ ಮೇಲೆ ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರಾದರು. ಬೈಬಲಿನಲ್ಲಿರುವ ವಂಶಾವಳಿಯ ವರ್ಷಗಳನ್ನೆಲ್ಲ ಕೂಡಿ, ಸೃಷ್ಟಿ ಇಂಥ ಕಾಲದಲ್ಲಿ, ಜಲಪ್ರಳಯ ಇಂಥ ಕಾಲದಲ್ಲಿ ಎಂದು ಗೆರೆ ಎಳೆದು ಇಟ್ಟುಕೊಂಡಿದ್ದರು. ಗೆರೆ ಎಳೆದ ಮೇಲೆ ಮುಗಿಯಿತು. ಸರ್ವೆಯರು ಹಾಕಿದ ಗೆರೆ.

ಬೆಳಿಗ್ಗೆ ಕಾಫಿ ಕೊಡುವಾಗಲೇ ಶುರು. “ಏನಮ್ಮಾ ಮೇಡಮ್ಮು, ಇವತ್ತಿಗೆ ನಿಮ್ ಭೂಮಿಗೆ ಎಷ್ಟ್ ವರ್ಸ ಆಯ್ತು?”

“ನೆನ್ನೆಗಿಂತ ಒಂದಿನ ಜಾಸ್ತಿ ಆಯ್ತು ಮಾವ. ಸಕ್ಕರೆ ಸಾಕಾ?”

ಅವರ ಬಳಿ ಒಂದು ದಪ್ಪ ನೋಟುಬುಕ್ಕಿತ್ತು. ಪೇಪರಿನಲ್ಲಿ ಎಲ್ಲಾದರೂ ಹಳೆಯ ಮನುಷ್ಯರ ಮೂಳೆ ಸಿಕ್ಕ ಸುದ್ದಿ ಬಂದರೆ ಕತ್ತರಿಸಿ ಅಂಟಿಸುತ್ತಿದ್ದರು. ಪಕ್ಕದಲ್ಲಿ ಮೂರು ಕಾಲಂ. ವಿಜ್ಞಾನಿಗಳು ಹೇಳಿದ ವಯಸ್ಸು, ತಿದ್ದಿದ ವಯಸ್ಸು, ಕೊನೆಯಲ್ಲಿ ಷರಾ. ಮೂವತ್ತು ಸಾವಿರ ವರ್ಷದ ಅಸ್ಥಿಪಂಜರ ಅವರ ಎರಡನೇ ಕಾಲಂಗೆ ಬರುವಷ್ಟರಲ್ಲಿ ನಾಲ್ಕು ಸಾವಿರದ ಚಿಲ್ಲರೆಗೆ ಇಳಿದಿರುತ್ತಿತ್ತು. ಇದಕ್ಕೆ ಗ್ರಾಫ್ ಹಾಳೆಯ ಮೇಲೆ ಒಂದು ವಕ್ರರೇಖೆಯನ್ನೂ ಬಿಡಿಸಿದ್ದರು. ನೋಡಲು ಎಷ್ಟು ನೀಟಾಗಿತ್ತೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಜಗಳದ ವಿಷಯ ಇಷ್ಟೇ. ಮರವಾಗಲಿ, ಕುರಿಯಾಗಲಿ, ಮನುಷ್ಯನಾಗಲಿ ಬದುಕಿರುವವರೆಗೆ ಒಂದು ಬಗೆಯ ವಿಕಿರಣಶೀಲ ಇಂಗಾಲವನ್ನು ಗಾಳಿಯಿಂದಲೋ ಆಹಾರದಿಂದಲೋ ಮೈಗೆ ಸೇರಿಸಿಕೊಳ್ಳುತ್ತಲೇ ಇರುತ್ತದೆ. ಸತ್ತ ಮೇಲೆ ಸೇರುವುದು ನಿಲ್ಲುತ್ತದೆ, ಇದ್ದದ್ದು ಗೊತ್ತಾದ ವೇಗದಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ಹೇಳಬಹುದು.

“ಸುರೂನಲ್ಲಿ ಎಷ್ಟಿತ್ತು ಅಂತ ಯಾರಮ್ಮ ನೋಡಿದ್ರು?” ಎನ್ನುತ್ತಿದ್ದರು ಮಾವ. ಅವರ ಪ್ರಕಾರ ಪ್ರಳಯಕ್ಕೆ ಮುಂಚೆ ಗಾಳಿಯಲ್ಲಿ ಆ ಇಂಗಾಲ ತೀರಾ ಕಡಿಮೆ ಇತ್ತು, ಆಮೇಲೆ ನಿಧಾನವಾಗಿ ಏರಿತು. ಅದಕ್ಕೇ ಆಗ ಸತ್ತವರ ಮೂಳೆ ಸುಮ್ಮಸುಮ್ಮನೆ ಹಳೆಯದಾಗಿ ಕಾಣುತ್ತದೆ. “ಬಾಂದಿನ ಕಲ್ಲೇ ಸರಿಯಾಗಿಲ್ದೆ ಚೈನ್ ಎಳುದ್ರೆ ಪಕ್ಕದವ್ನ ಹೊಲ್ದಾಗೆ ಹೋಗಿ ನಿಂತ್ಕತೀರ. ನಿಮ್ ವಿಜ್ಞಾನಿಗಳು ಅಲ್ಲೇ ನಿಂತವ್ರೆ.”

ಬಾಂದಿನ ಕಲ್ಲೆಂದರೆ ಸರ್ವೆಯವರು ಅಳತೆ ಶುರು ಮಾಡುವ ಗಡಿಕಲ್ಲು. ನಾನು ಮರದ ಉಂಗುರಗಳ ಕಥೆ ತೆಗೆಯುತ್ತಿದ್ದೆ. ಚಳಿ ದೇಶದ ಮರಗಳಲ್ಲಿ ವರ್ಷಕ್ಕೊಂದು ಉಂಗುರ, ಒಂದೊಂದನ್ನೂ ಎಣಿಸಿ ಇಂಗಾಲದ ಲೆಕ್ಕಕ್ಕೆ ತಾಳೆ ನೋಡಿದ್ದಾರೆ, ಗಾಳಿಯಲ್ಲಿ ಹೆಚ್ಚುಕಡಿಮೆ ಆದದ್ದೆಲ್ಲ ಅದರಲ್ಲೇ ಸಿಗುತ್ತದೆ ಎಂದು. ಮಾವ ಬಿಡುವ ಆಸಾಮಿಯಲ್ಲ. ಮಧುಗಿರಿ ರಸ್ತೆಯಲ್ಲಿ ಅಗಲೀಕರಣಕ್ಕೆ ಕಡಿದ ಹುಣಸೆಮರದ ಬುಡಕ್ಕೆ ನನ್ನನ್ನು ಕರೆದೊಯ್ದು ಕೂರಿಸಿದರು. ಇಬ್ಬರೂ ಎಣಿಸಿದೆವು. ನನ್ನ ಲೆಕ್ಕ ಒಂದು, ಅವರ ಲೆಕ್ಕ ಇನ್ನೊಂದು, ಎರಡನೇ ಸಲ ಎಣಿಸಿದರೆ ನನ್ನದೇ ಮತ್ತೊಂದು. ನಮ್ಮ ಕಡೆಯ ಹುಣಸೆಯಲ್ಲಿ ಉಂಗುರ ಸ್ಪಷ್ಟವಾಗಿ ಬೀಳುವುದಿಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಅವರು ನಗುತ್ತಾ ಸ್ಕೂಟರ್ ಸ್ಟಾರ್ಟ್ ಮಾಡಿಯಾಗಿತ್ತು. ಆ ದಿನ ಸಾರಿಗೆ ಉಪ್ಪು ಜಾಸ್ತಿ ಬಿತ್ತು, ಬೇಕೆಂದೇ ಹಾಕಿದೆನೋ ಏನೋ ಈಗ ನೆನಪಿಲ್ಲ.

ಹೀಗೆ ನಗೆಯಲ್ಲೇ ಮುಗಿಯುತ್ತಿದ್ದ ಜಗಳ, ಹೋದ ವರ್ಷ ಬೇರೆಯವರ ಹಣೆಯ ಮೇಲೆ ಹೋಗಿ ಬಿತ್ತು.

ಹುಲಿಕುಂಟೆ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆತನದ ಒಬ್ಬ ಅಜ್ಜಿ ಇದ್ದಾರೆ. ಅವರ ಮಗಳು ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಜ್ಜಿಯ ಗಂಡ ಬಹಳ ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಪಾವಗಡ ದಾಟಿ ಆಂಧ್ರದ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಸುದ್ದಿಯೂ ಬರಲಿಲ್ಲ. ಅಜ್ಜಿ ಮಾತ್ರ ಹಣೆಯ ಮೇಲೆ ನಾಣ್ಯದಗಲ ಕುಂಕುಮ ಇಡುವುದನ್ನು ಒಂದು ದಿನವೂ ಬಿಟ್ಟವರಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಎಡೆ ಇಡುತ್ತಾರೆ, ಗಂಡನ ಹೆಸರಿನಲ್ಲಿ ಇಡುವುದಿಲ್ಲ. ಬದುಕಿರುವವನಿಗೆ ಯಾರು ಎಡೆ ಇಡುತ್ತಾರೆ?

ಆ ಅಜ್ಜಿಯ ಕಡಲೆಕಾಯಿ ಹೊಲದಲ್ಲಿ ಕೃಷಿಹೊಂಡ ತೆಗೆಸುವಾಗ ಗಡಿ ತೋರಿಸಲು ಮಾವನನ್ನು ಕರೆದಿದ್ದರು. ಆ ಹೊಲವನ್ನು ಹಿಂದೆ ಅಳೆದವರು ಅವರೇ. ಜೆಸಿಬಿ ಎರಡಾಳು ಆಳಕ್ಕೆ ಇಳಿಯುವ ಮೊದಲೇ ಒಂದು ಚಪ್ಪಡಿಗೆ ತಗುಲಿ ನಿಂತಿತು. ಚಪ್ಪಡಿ ಸರಿಸಿದರೆ ಕೆಳಗೆ ನಾಲ್ಕು ಕಲ್ಲು ನಿಲ್ಲಿಸಿ ಮಾಡಿದ ಪೆಟ್ಟಿಗೆ. ಅದರೊಳಗೆ ಕಪ್ಪು ಕೆಂಪು ಬಣ್ಣದ ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಚೂರು, ಮನುಷ್ಯನ ಮೂಳೆ, ಹಲ್ಲುಗಳಿದ್ದ ದವಡೆ. ಕೆಲಸ ನಿಂತಿತು. ತಾಲ್ಲೂಕು ಕಚೇರಿಗೆ ಹೇಳಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಸುದ್ದಿ ಹೋಗಿ, ಪ್ರಾಕ್ತನಶಾಸ್ತ್ರದ ಸಂಶೋಧಕಿಯೊಬ್ಬರು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ಜೋರು ಮಳೆಯೂ ಬಂದು ಪೆಟ್ಟಿಗೆಯೊಳಗೆ ಕೆಸರು ತುಂಬಿತ್ತು.

ನಾನು ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಆ ಸಂಶೋಧಕಿ ಹೊಂಡದಂಚಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೇಳಿದರು. “ಯಾರಾದ್ರೂ ಇದನ್ನ ಮುಟ್ಟಿದ್ದೀರಾ? ಏನಾದ್ರೂ ಒಳಗೆ ಹಾಕಿದ್ದೀರಾ? ಹೇಳಿ, ಬೈಯೋದಿಲ್ಲ.”

ಜನ ಮಾವನ ಮುಖ ನೋಡಿದರು. ಸರ್ಕಾರಿ ನೌಕರಿ ಮಾಡಿದವರಲ್ಲವೇ, ಅವರು ಹೇಳಿದರೆ ಸರಿ. ಮಾವನ ಪಕ್ಕದಲ್ಲಿ ನಮ್ಮ ಸಭೆಯ ಇಬ್ಬರು ಸಹೋದರರೂ ನಿಂತಿದ್ದರು.

“ಇಲ್ಲ ಮೇಡಂ, ಯಾರೂ ಕೈ ಇಟ್ಟಿಲ್ಲ,” ಎಂದರು ಮಾವ.

ಅಜ್ಜಿ ಒಮ್ಮೆ ಮಾವನ ಕಡೆ ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡರು. ನಾನು ನೋಡಿದೆ. ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ, ದೊಡ್ಡ ವಿಜ್ಞಾನದ ಮೇಷ್ಟ್ರಮ್ಮ ನಾನು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಸಂಶೋಧಕಿಯಿಂದ ನನ್ನ ಫೋನಿಗೆ, ನಾನು ಕೇಳಿಕೊಂಡಿದ್ದ ಇಂಗಾಲದ ಪರೀಕ್ಷೆಯ ವರದಿ ಬಂತು. ಮಡಕೆ, ಕಬ್ಬಿಣ ನೋಡಿ ಅವರು ಮೊದಲೇ ಎರಡು ಸಾವಿರ ವರ್ಷಕ್ಕಿಂತ ಹಳೆಯದು ಎಂದಿದ್ದರು. ನನಗೆ ಗೆಲ್ಲುವ ಆತುರ. ಪೂರ್ತಿ ಓದದೆಯೇ, ಮಾವ ದೋಸೆ ತಿನ್ನುತ್ತಿದ್ದಾಗ ಎದುರಿಗೆ ನಿಂತು ಜೋರಾಗಿ ಓದತೊಡಗಿದೆ. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. ಸ್ಯಾಂಪಲ್ ಇತ್ತೀಚಿನದು ಎಂದಿತ್ತು ವರದಿ. ಹಳೆಯದೇ ಅಲ್ಲವಂತೆ.

ಮಾವ ದೋಸೆ ಬಿಟ್ಟು ಎದ್ದೇ ನಿಂತರು. “ದೇವ್ರಿಗೆ ಸ್ತೋತ್ರ. ನಿಮ್ ಮೇಡಂ ಎರಡ್ ಸಾವ್ರ ಅಂದ್ರು, ನಿಮ್ ಮಿಷಿನ್ನು ನೆನ್ನೇದು ಅಂತು. ಈಗ ಹೇಳಮ್ಮ, ಯಾರ್ ಚೈನ್ ಸರಿಯಾಗೈತೆ?”

ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದೆ. ಮಾವನಿಗೆ ಕಾಲು ನೆಲದ ಮೇಲಿರಲಿಲ್ಲ. ಪಾವಗಡದಲ್ಲಿ ಸಭೆಗಳ ಕೂಟವೊಂದರಲ್ಲಿ ಮಾತನಾಡಲು ಅವರನ್ನು ಕರೆದಿದ್ದರು, ಅಲ್ಲಿ ಹೇಳಲು ಇದಕ್ಕಿಂತ ಬೇರೆ ಬೇಕೆ? ಟೀ ಅಂಗಡಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಆರಾಧನೆ ಮುಗಿದ ಮೇಲೆ ನಿಂತು ಹೇಳಿದರು. ಆ ಕಲ್ಲುಪೆಟ್ಟಿಗೆಯ ಮೂಳೆ ಹಳೆಯದಲ್ಲ, ಈಚಿನದು, ವಿಜ್ಞಾನವೇ ಹೇಳಿದೆ ಎಂದು.

ಅದೇ ಮಾತು ಹುಲಿಕುಂಟೆ ಕಡೆಗೆ ಹೋಗಿ ಮುಟ್ಟುವಾಗ ಬೇರೆ ಆಗಿತ್ತು. ಒಂದು ಶನಿವಾರ ಶಾಲೆಯ ಅಡುಗೆಕೋಣೆಯಲ್ಲಿ ಅಜ್ಜಿಯ ಮಗಳು ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದಳು. ಈರುಳ್ಳಿಗೆ ಅಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಆ ಮೂಳೆ ನಮ್ಮಪ್ಪಂದೇ ಅಂತವ್ರೆ ಮೇಡಂ,” ಎಂದಳು. “ನಮ್ಮವ್ವನೂ ನಮ್ಮ ಸೋದರಮಾವನೂ ಸೇರ್ಕಂಡು ಹೂತಾಕಿದ್ರು ಅಂತವ್ರೆ. ಠಾಣೆಯೋರು ಬಂದು ಅಪ್ಪ ಯಾವಾಗ ಹೋಗಿದ್ದು ಅಂತ ಕೇಳ್ಕಂಡ್ ಹೋದ್ರು. ಅದಾದ್ರೂ ತಡ್ಕಬೋದು. ಕುಲದೋರು ಬಂದು, ಮೂಳೆ ಸಿಕ್ಮೇಲೆ ಇನ್ನೇನು, ಕುಂಕುಮ ಅಳ್ಸು, ತಿಥಿ ಮಾಡು ಅಂತ ಕುಂತವ್ರೆ. ಅವ್ವ ಊಟ ಬುಟ್ಟವ್ಳೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಶಾಲೆ ಬಿಟ್ಟವಳೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಮಾವನ ಎದುರಿಗೆ ನಿಂತೆ. ಹಿರಿಯರು ಎಂದೂ ನೋಡಲಿಲ್ಲ. “ನಿಮಗೆ ನಿಮ್ಮ ಲೆಕ್ಕ ಗೆಲ್ಲಬೇಕಿತ್ತು ಮಾವ, ಗೆದ್ದಿರಿ. ಆ ಮುದುಕಿ ಇಷ್ಟು ವರ್ಷ ಇಟ್ಟುಕೊಂಡಿರೋ ಕುಂಕುಮ ಅಳಿಸ್ತಿದ್ದಾರೆ. ಈಗ ತೃಪ್ತಿನಾ?” ಎಂದು ಇನ್ನೂ ಏನೇನೋ ಅಂದೆ. ಆ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆ.

ಮಾವ ತಿರುಗಿ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಅವ್ರು ಟೆಸ್ಟ್ ಮಾಡಿದ್ದು ಯಾವ್ದನ್ನಮ್ಮ? ಮೂಳೆನಾ?”

ಫೋನು ತೆಗೆದು ಮೊದಲ ಸಲ ನೆಟ್ಟಗೆ ಓದಿದೆ. “ಮೂಳೆ ಅಲ್ಲ. ಒಳಗಿದ್ದ ಸಣ್ಣ ಮಡಕೇಲಿ ಸಿಕ್ಕ ಇದ್ದಿಲು.”

ಮಾವ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹೋಗಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಬರಲಿಲ್ಲ. ನನ್ನ ಬಾಯಿಂದ ಹಿರಿಯ ಜೀವಕ್ಕೆ ಏನಾಯಿತೋ ಎಂದು ನನಗೆ ಭಯವಾಯಿತು.

ಮಾರನೆಯ ದಿನ ಭಾನುವಾರ. ನಮ್ಮ ಸಭೆಯಲ್ಲಿ ಪಾಸ್ಟರ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ಸಮಯ ಎಂದು ಒಂದಿದೆ. ಯಾರು ಬೇಕಾದರೂ ಎದ್ದು ನಿಂತು ಆ ವಾರ ದೇವರು ತಮಗೆ ಮಾಡಿದ ಉಪಕಾರ ಹೇಳಬಹುದು. ಜ್ವರ ವಾಸಿಯಾಯಿತು, ಮಗಳಿಗೆ ಗಂಡು ಸಿಕ್ಕಿತು, ಹೀಗೆ. ಮಾವ ಎದ್ದು ನಿಂತರು. ಮೂಳೆಯ ಸುದ್ದಿಯೇ ಇರಬೇಕೆಂದು ಮುಂದಿನ ಸಾಲಿನವರು ಆಗಲೇ ಮುಗುಳ್ನಗುತ್ತಿದ್ದರು.

“ನಾನು ಸಾಕ್ಷಿ ಹೇಳಕೆ ನಿಂತಿಲ್ಲ, ಸುಳ್ಳು ಒಪ್ಕಳಕೆ ನಿಂತಿದೀನಿ,” ಎಂದರು. “ಆ ಪೆಟ್ಟಿಗೆ ತೆಗ್ದ ದಿನ, ಎಲ್ರೂ ಹೋದ್ಮೇಲೆ ನಾವಿಬ್ರೇ ಇದ್ದಾಗ, ಆ ಹೊಲದ ಅಕ್ಕ, ಯಾರೋ ನಮ್ಮ ಹಿರೀಕ್ರು, ಮಲಗಿದ್ದೋರನ್ನ ಎಬ್ಬಿಸ್ಬುಟ್ವಿ, ಧೂಪ ಆದ್ರೂ ಹಾಕ್ಬೇಕು ಅಂದ್ರು. ಅವ್ರ ಧೂಪ ಅವ್ರ ಮಡಕೇಲೇ ಆಗ್ಬೇಕು ಅಂತ ಒಳ್ಗಿದ್ದ ಪುಟ್ಟ ಮಡಕೆ ತೆಗ್ದ್ರು. ಅಕ್ಕಂಗೆ ಮಂಡಿನೋವು, ಗುಡಿಸಲ್ಗೂ ಹೊಂಡಕ್ಕೂ ಓಡಾಡಕಾಗಲ್ಲ. ಒಲೆಯಿಂದ ಕೆಂಡ ತಂದು ಆ ಮಡಕೇಗೆ ಹಾಕ್ದೋನು ನಾನು. ಸಾಂಬ್ರಾಣಿ ಅವ್ರು ಹಾಕಿದ್ರು. ಆಮೇಲೆ ಮಡಕೆ ಇದ್ದ ಜಾಗದಲ್ಲೇ ಇಟ್ವಿ, ಮಳೆ ಬಂದು ಕೆಸರು ಮುಚ್ಕಂತು. ಮಿಷಿನ್ನು ಅಳೆದಿದ್ದು ನನ್ ಕೆಂಡಾನ. ಅದು ಸರಿಯಾಗೇ ಅಳೆದೈತೆ.”

ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. “ಮುಟ್ಟಿದ್ದೀರಾ ಅಂತ ಕೇಳ್ದಾಗ ಇಲ್ಲ ಅಂದೆ. ಸತ್ತೋರ ಪೂಜೆ ಮಾಡ್ಬಾರ್ದು ಅನ್ನೋ ಸಭೆಯ ಹಿರಿಯನೇ ಅದ್ಕೆ ಕೆಂಡ ಹೊತ್ತ ಅಂತ ನೀವು ಅಂದ್ಕಂಡೀರಿ ಅಂತ ಹೆದ್ರಕಂಡೆ. ನನ್ ಮಾನ ಉಳಿಸ್ಕಂಡು ಆ ಅಕ್ಕನ ಮಾನ ಕಳ್ದೆ.”

ಒಬ್ಬರು ಎದ್ದು ಹೊರಗೆ ಹೋದರು. ಪಾಸ್ಟರು ತಲೆ ತಗ್ಗಿಸಿ ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ಹಾಡಿನ ಪುಸ್ತಕ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಆ ಮನುಷ್ಯನ ಸೊಸೆ ನಾನು ಎಂದು ಅಷ್ಟು ಹೆಮ್ಮೆ ನನಗೆ ಅಲ್ಲಿಯವರೆಗೆ ಯಾವತ್ತೂ ಆಗಿರಲಿಲ್ಲ.

ಪಾವಗಡದ ಕೂಟಕ್ಕೆ ಬೇರೆಯವರನ್ನು ಕರೆದರು. ಸ್ವಲ್ಪ ಕಾಲ ಹಿರಿಯರ ಬೆಂಚಿನಲ್ಲಿ ಕೂರುವುದು ಬೇಡ ಎಂದೂ ಹೇಳಿದರು. ಮಾವ ಹಿಂದಿನ ಸಾಲಿನಲ್ಲಿ ಹೆಂಗಸರ ಚಪ್ಪಲಿಗಳ ಹತ್ತಿರ ಕೂರತೊಡಗಿದರು.

ಸೋಮವಾರವೇ ಇಬ್ಬರೂ ಸಂಶೋಧಕಿಗೆ ಫೋನು ಮಾಡಿದ್ದೆವು. ಆಕೆ ಬೈಯಲಿಲ್ಲ, ಆ ಇದ್ದಿಲು ತನಗೂ ಅನುಮಾನ ತಂದಿತ್ತು ಎಂದರು. ಆಮೇಲೆ ಹೇಳಿದರು, ನಮ್ಮ ಬಿಸಿಲಿಗೆ, ಈ ಮಣ್ಣಿಗೆ ಮೂಳೆಯೊಳಗೆ ಅಳೆಯುವಂಥದ್ದು ಏನೂ ಉಳಿದಿರುವುದಿಲ್ಲ. ಹಲ್ಲಿನ ಬೇರಿನಲ್ಲಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಹಲ್ಲು ಕಳಿಸಿ ನೋಡೋಣ.

ಕಾಯುವ ಆ ತಿಂಗಳುಗಳಲ್ಲಿ ಮಾವ ವಾರಕ್ಕೊಮ್ಮೆ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋಗಿ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಕೆಂಡದ ಕಥೆ ಹೇಳುತ್ತಿದ್ದರು. ಜನ ನಂಬಲಿಲ್ಲ. ಹಳೆಯ ಸರ್ವೆಯರಪ್ಪ ಆ ಅಕ್ಕನನ್ನು ಉಳಿಸಲು ಸುಳ್ಳು ಹೇಳುತ್ತಾನೆ ಎಂದರು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದವರು ನಿಜಕ್ಕೆ ಸಾಕ್ಷಿ ಕೇಳಿದರು. ಅಜ್ಜಿ ಮಾತ್ರ ಕುಲದವರಿಗೆ ಒಂದು ಮಾತು ಹೇಳಿದ್ದರು. “ಆ ಹಲ್ಲು ಏನ್ ಹೇಳ್ತದೋ ನೋಡಾನ. ಈಚಿಂದು ಅಂದ್ರೆ ನಾನೇ ಅಳುಸ್ಕತೀನಿ. ಅಲ್ಲೀಗಂಟ ನನ್ ಹಣೆ ತಂಟೆಗೆ ಬರಬ್ಯಾಡಿ.”

ಮಗಳು ನನಗೆ ಇನ್ನೊಂದು ಹೇಳಿದಳು. ಅವ್ವನ ಕುಂಕುಮದ ಡಬ್ಬಿ ತಳ ಕಂಡಿದೆ, ಹೊಸದು ತರುತ್ತೇನೆಂದರೆ ಬೇಡ ಎನ್ನುತ್ತಾಳೆ, ಬೆರಳಿನಲ್ಲಿ ಅಂಚು ಕೆರೆದು ಕೆರೆದು ಇಟ್ಟುಕೊಳ್ಳುತ್ತಾಳೆ ಎಂದು.

ಮನೆಯಲ್ಲಿ ಮಾವ ಮೂರು ಹೊತ್ತೂ ಆ ಹಲ್ಲಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ತಡೆಯಲಾಗದೆ ಒಂದು ದಿನ ಕೆಣಕಿದೆ. “ಮಾವ, ಬಾಂದಿನ ಕಲ್ಲೇ ಸರಿಯಿಲ್ಲ ಅಂತಿದ್ದ ಮಿಷಿನ್ನಿಗೆ ಪ್ರಾರ್ಥನೆನಾ?”

“ಸುಮ್ನಿರಮ್ಮ,” ಎಂದರು. “ನಿನ್ ಮಿಷಿನ್ನು ಕೆಂಡಾನ ಕೆಂಡ ಅಂತ ಹೇಳ್ತು. ನಾನು ಹೇಳಿರ್ಲಿಲ್ಲ.”

ಹಲ್ಲಿನಲ್ಲಿ ಉಳಿದಿತ್ತು. ವರದಿ ಬಂದ ದಿನ ನಾನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿ, ಏನನ್ನು ಅಳೆದಿದ್ದಾರೆ ಎಂದು ಬೆರಳಿಟ್ಟು ನೋಡಿ, ಆಮೇಲೆ ಮಾವನಿಗೆ ಕೊಟ್ಟೆ. ಎರಡು ಸಾವಿರ ವರ್ಷಕ್ಕಿಂತ ಹಿಂದಿನವನು, ನೂರಿನ್ನೂರು ವರ್ಷ ಆಚೆ ಈಚೆ ಇರಬಹುದು. ಮಾವ ಊಟಕ್ಕೂ ಕೂರಲಿಲ್ಲ. ವರದಿಯ ಪ್ರತಿ ಒಂದು ಕವರಿನಲ್ಲಿ, ನೋಟುಬುಕ್ಕು ಬಗಲಲ್ಲಿ, ಮಧ್ಯಾಹ್ನದ ಬಸ್ಸಿಗೆ ಹೊರಟೆವು.

ಅಜ್ಜಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು, ಮಗಳು ಪಕ್ಕದಲ್ಲಿ. ನಮ್ಮನ್ನು ನೋಡಿ ಅಜ್ಜಿಯ ಕೈ ನಿಂತಿತು. ಹಣೆಯ ಮೇಲೆ ತೆಳ್ಳಗೆ ಒಂದು ಚುಕ್ಕೆ ಇತ್ತು ಅಷ್ಟೆ. ಕುಲದ ಯಜಮಾನರೂ ಬೇಲಿಯ ಆಚೆಯಿಂದ ಬಂದು ನಿಂತರು. ನಾನು ವರದಿ ಬಿಡಿಸಲು ಹೋದೆ, ಅಜ್ಜಿ ಕಾಗದ ನೋಡಲೇ ಇಲ್ಲ, ಮಾವನ ಮುಖ ನೋಡಿದರು.

“ನಮ್ಮನೇವ್ರಾ ಸರ್ವೇರಣ್ಣ?”

“ಅಲ್ಲ ಕಣಕ್ಕ. ಇವ್ನು ನಮ್ ತಾತನ ತಾತಂಗೂ ಹಿರೀಕ. ಎರಡ್ ಸಾವ್ರ ವರ್ಸದ ಮ್ಯಾಲಾತು ಹೋಗಿ.”

ಯಜಮಾನರು ವರದಿ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಮಾವನನ್ನೇ ಕೇಳಿದರು. “ನಿಮ್ ಮತದಾಗೆ ಈ ಲೆಕ್ಕ ಒಪ್ಪಲ್ಲ ಅಂತಿದ್ರಿ ನೀವೇಯ. ನಿಮ್ ಬುಕ್ಕೇನು ಹೇಳ್ತದೆ?”

ಮಾವ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಗ್ರಾಫ್ ಹಾಳೆ ಬಿಡಿಸಿದರು. ಎಷ್ಟು ವರ್ಷ ಕಳೆಯಬೇಕೆಂದು ತೋರಿಸುವ ಅವರ ವಕ್ರರೇಖೆ ಪ್ರಳಯದ ಹತ್ತಿರ ಬೆಟ್ಟದಂತೆ ಏರಿ, ಈಚೆಗೆ ಬರುತ್ತಾ ಬರುತ್ತಾ ನೆಲಕ್ಕೆ ಸಮವಾಗುತ್ತದೆ. ಸ್ಕೇಲಿಟ್ಟು ನೋಡಿದರು. ನಾನೂ ಬಗ್ಗಿ ನೋಡಿದೆ. ಆ ಜಾಗದಲ್ಲಿ ತಿದ್ದಲು ಏನೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಲೆಕ್ಕವೂ ಅವರ ಲೆಕ್ಕವೂ ಒಂದೇ ಕಲ್ಲಿನ ಮೇಲೆ ನಿಂತಿದ್ದವು. ಮಿಕ್ಕ ಮೂವತ್ತು ಸಾವಿರ, ನಲವತ್ತು ಸಾವಿರದ ಜಗಳ ಇನ್ನೂ ಹಾಗೇ ಇದೆ, ಅದು ನಾಳೆಯ ಕಾಫಿಗೆ.

“ನನ್ ಬುಕ್ಕೂ ಅದ್ನೇ ಹೇಳ್ತದೆ,” ಎಂದರು ಮಾವ. ಮೊದಲ ಕಾಲಂನಲ್ಲಿ ವಯಸ್ಸು ಬರೆದರು, ಎರಡನೆಯದರಲ್ಲೂ ಅದನ್ನೇ ಬರೆದರು. ಷರಾ ಎಂಬಲ್ಲಿ ದುಂಡಗೆ ಬರೆದರು: ಮೊದಲನೇ ಅಳತೆಯ ತಪ್ಪು ನನ್ನದು. ಕೆಳಗೆ ರುಜು ಹಾಕಿದರು, ಹಳೆಯ ಕಚೇರಿಯ ಅಭ್ಯಾಸ.

ಯಜಮಾನರು ಕಾಗದವನ್ನು ಮಡಿಸಿ ಅಜ್ಜಿಯ ಮಡಿಲಿಗಿಟ್ಟು, “ಊರಾಗೆ ನಾನೇ ಹೇಳ್ತೀನಿ ಬುಡಕ್ಕ,” ಎಂದು ಹೊರಟರು.

ಅಜ್ಜಿ ಆ ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಮಾವನನ್ನು ಕೇಳಿದರು. “ಕೆಂಡ ಹೊತ್ತಿದ್ಕೆ ನಿಮ್ ದೇವ್ರು ಬೈಯಕಿಲ್ವಾ ಅಣ್ಣ?”

“ಬೈದ್ರೆ ಬೈಸ್ಕತೀನಿ ಕಣಕ್ಕ. ಇಲ್ಲ ಅಂದೆನಲ್ಲ, ಅದ್ಕೆ ಬೈದಿದ್ದೇ ಜಾಸ್ತಿ.”

ಅಜ್ಜಿ ನಕ್ಕರು. ಮಡಿಲಿನ ಸಿಪ್ಪೆ ಕೊಡವಿ, ಮಂಡಿ ಹಿಡಿದು ಎದ್ದು, ಮಗಳ ಕಡೆ ತಿರುಗಿ ಹೇಳಿದರು.

“ನಾಳೀಕೆ ಸಂತೆಗೆ ಹೋದಾಗ ಕುಂಕುಮ ತಕಂಡ್ ಬಾ. ದೊಡ್ಡ ಡಬ್ಬೀನೇ ತಾ.”